40 ಮೀಟರ್ ಡೈಪೋಲ್: ಎಸ್‌ಡಬ್ಲ್ಯುಆರ್ 3ರಿಂದ ಕೆಳಗಿಳಿಯುತ್ತಿಲ್ಲ, ಕರೆಗೆ ಉತ್ತರವೂ ಇಲ್ಲ

ತಂತಿಗಂಟು:
ಹವ್ಯಾಸಿ ರೇಡಿಯೋದ 40 ಮೀಟರ್ ಬ್ಯಾಂಡಿಗೆಂದು ಕಟ್ಟಿದ ಡೈಪೋಲ್, ಅಂದರೆ ನಡುವೆ ಕೇಬಲ್ ಸೇರುವ ಎರಡು ತೋಳಿನ ತಂತಿ ಆಂಟೆನಾ, ನನ್ನ ತಾಳ್ಮೆಯನ್ನು ಪೂರ್ತಿ ಕೆಡಿಸಿದೆ. ಡೈಪೋಲಿನ ಉದ್ದದ ಸೂತ್ರದಂತೆ 143ನ್ನು ಮೆಗಾಹರ್ಟ್ಸ್ ಲೆಕ್ಕದ ಫ್ರೀಕ್ವೆನ್ಸಿಯಾದ 7.1ರಿಂದ ಭಾಗಿಸಿದಾಗ ಬರುವ 20.14 ಮೀಟರ್ ತಂತಿಯನ್ನು ಸರಿಯಾಗಿ ಅರ್ಧಕ್ಕೆ ಕತ್ತರಿಸಿದ್ದರೂ 7.1 ಮೆಗಾಹರ್ಟ್ಸ್‌ನಲ್ಲಿ ಎಸ್‌ಡಬ್ಲ್ಯುಆರ್ (ಆಂಟೆನಾ ಕೇಬಲ್ಲಿಗೆ ಎಷ್ಟು ಹೊಂದುತ್ತದೆ ಎಂಬ ಅಳತೆ; 1 ಎಂದರೆ ಪೂರ್ಣ ಹೊಂದಿಕೆ) 3 ತೋರಿಸುತ್ತದೆ. ಬೆಸುಗೆಯನ್ನು ಮತ್ತೆ ಹಾಕಿ, ಕನೆಕ್ಟರ್‌ಗಳನ್ನು ಬದಲಿಸಿ ನೋಡಿದ್ದಾಯಿತು. ಕೇಬಲ್ಲನ್ನು ಸರಿಸಿದರೆ ಮೀಟರಿನ ಮುಳ್ಳು ಅಲುಗುತ್ತದೆ. ಬೇರೆಯವರ ಮಾತು ನನಗೆ ಸ್ಪಷ್ಟವಾಗಿ ಕೇಳಿಸುತ್ತದೆ, ಆದರೆ ಮಧ್ಯಾಹ್ನವಿಡೀ ಕ್ಯೂಆರ್‌ಝಡ್ ಎಂದು ಕೂಗಿದರೂ ದೂರದ ಒಂದು ನಿಲ್ದಾಣವೂ ಉತ್ತರಿಸುವುದಿಲ್ಲ. ದೋಷ ಎಲ್ಲಿದೆ?

ಫೆರೈಟ್‌ಪ್ರಿಯ:
ಕೇಬಲ್ ಸರಿಸಿದಾಗ ಅಳತೆ ಬದಲಾಗುತ್ತದೆ ಎಂದ ಮೇಲೆ ಬೇರೆ ಸಾಕ್ಷಿ ಬೇಕಿಲ್ಲ. ಕೋಆಕ್ಸ್ ಕೇಬಲ್ಲಿನ ಲೋಹದ ಕವಚದ ಹೊರಮೈಯಲ್ಲಿ ಕಾಮನ್ ಮೋಡ್ ಕರೆಂಟ್, ಅಂದರೆ ಅಲ್ಲಿ ಇರಬಾರದ ಕರೆಂಟ್, ಹರಿಯುತ್ತಿದ್ದು, ನಿಮ್ಮ ಕೇಬಲ್ಲೇ ಆಂಟೆನಾದ ಮೂರನೆಯ ತೋಳಾಗಿದೆ. ಮಿಕ್ಸ್ 31 ಎಂಬ ಬಗೆಯ ದೊಡ್ಡ ಫೆರೈಟ್ ಉಂಗುರಕ್ಕೆ ಆರ್‌ಜಿ-58 ಕೇಬಲ್ಲನ್ನು ಹತ್ತು ಹನ್ನೆರಡು ಸುತ್ತು ಸುತ್ತಿ, ಡೈಪೋಲಿನ ನಡುವೆ ಕೇಬಲ್ ಸೇರುವಲ್ಲಿಯೇ ಆ ಕರೆಂಟನ್ನು ತಡೆಯುವ ಚೋಕ್ ಆಗಿ ಹಾಕಿರಿ.

ಏಣಿಯವ:
ಅವಸರ ಬೇಡ. ತಂತಿ ನೆಲದಿಂದ ಎಷ್ಟು ಎತ್ತರದಲ್ಲಿದೆ, ಬರಿಯ ತಾಮ್ರವೋ ಪ್ಲಾಸ್ಟಿಕ್ ಹೊದಿಕೆಯದೋ, ಕೇಬಲ್ ಯಾವ ದಿಕ್ಕಿನಲ್ಲಿ ಇಳಿಯುತ್ತದೆ ಎಂಬ ಯಾವುದನ್ನೂ ನೀವು ಹೇಳಿಲ್ಲ. ಒಂದೇ ಫ್ರೀಕ್ವೆನ್ಸಿಯ ಎಸ್‌ಡಬ್ಲ್ಯುಆರ್‌ನಿಂದ ಏನೂ ತಿಳಿಯದು, 7.0 ಮತ್ತು 7.2ರಲ್ಲಿಯೂ ಅಳೆಯಿರಿ. ಕೆಳಗೆ ಹೋದಂತೆ ಇಳಿದರೆ ತಂತಿ ಉದ್ದವಾಗಿದೆ, ಮೇಲೆ ಹೋದಂತೆ ಇಳಿದರೆ ಗಿಡ್ಡವಾಗಿದೆ. ಬ್ಯಾಂಡಿನ ಹೊರಗೆ ನೋಡಬೇಕಾದರೆ ಟ್ರಾನ್ಸ್‌ಮಿಟರ್ ಒತ್ತಬಾರದು, ಆಂಟೆನಾ ಅಳೆಯುವ ನ್ಯಾನೋ ವಿಎನ್‌ಎಯಂಥ ಅನಲೈಸರ್ ಬಳಸಬೇಕು.

ಕೀಲಿಹಿಡಿದವ:
ಕ್ಯೂಆರ್‌ಝಡ್ ಎಂದರೆ 'ನನ್ನನ್ನು ಕರೆಯುತ್ತಿರುವವರು ಯಾರು' ಎಂಬ ಪ್ರಶ್ನೆ. ಯಾರೂ ಕರೆಯದಿರುವಾಗ ಅದನ್ನು ಕೇಳಿದರೆ, ಅಲ್ಲಿ ಬೇರೆಯವರ ಸರದಿ ನಡೆಯುತ್ತಿದೆ ಎಂದುಕೊಂಡು ಜನ ಮುಂದೆ ಹೋಗುತ್ತಾರೆ. ಮೊದಲು ಒಂದಿಷ್ಟು ಹೊತ್ತು ಕೇಳಿಸಿಕೊಂಡು, 'ಈ ಫ್ರೀಕ್ವೆನ್ಸಿ ಬಳಕೆಯಲ್ಲಿದೆಯೇ' ಎಂದು ವಿಚಾರಿಸಿ, ಮೋರ್ಸ್ ಆದರೆ ಅದೇ ಪ್ರಶ್ನೆಯ ಸಂಕೇತವಾದ ಕ್ಯೂಆರ್‌ಎಲ್ ಕಳಿಸಿ, ಆಮೇಲೆ ಸಿಕ್ಯೂ ('ಯಾರಾದರೂ ಉತ್ತರಿಸಿ') ಎಂದು ಕರೆಯುವುದು ಪದ್ಧತಿ.

ಫೆರೈಟ್‌ಪ್ರಿಯ:
ಕರೆಯುವ ರೀತಿಗೂ ಎಸ್‌ಡಬ್ಲ್ಯುಆರ್‌ಗೂ ಸಂಬಂಧವಿಲ್ಲ. ಎಸ್‌ಡಬ್ಲ್ಯುಆರ್ 3 ಆದಾಗ ಶಕ್ತಿಯ ಕಾಲುಭಾಗ ಮರಳಿ ಬಂದು ಹಾಳಾಗುತ್ತದೆ. ಮೊದಲು ಚೋಕ್ ಹಾಕಿಸಿ.

ಕೀಲಿಹಿಡಿದವ:
ಕಾಲುಭಾಗ ಮರಳುತ್ತದೆ ಎಂಬುದು ಸರಿ, ಹಾಳಾಗುತ್ತದೆ ಎಂಬುದು ತಪ್ಪು. ರೇಡಿಯೋಗೂ ಕೇಬಲ್ಲಿಗೂ ಹೊಂದಿಕೆ ಮಾಡುವ ಟ್ಯೂನರ್ ಇದ್ದರೆ, ಮರಳಿದ್ದರಲ್ಲಿ ಬಹುಪಾಲು ಅದರಿಂದ ಪುನಃ ಆಂಟೆನಾದತ್ತಲೇ ಹೋಗುತ್ತದೆ. 7 ಮೆಗಾಹರ್ಟ್ಸ್‌ನಲ್ಲಿ ಇಪ್ಪತ್ತು ಮೀಟರ್ ಆರ್‌ಜಿ-58ರ ಹೆಚ್ಚುವರಿ ನಷ್ಟ ಅರ್ಧ ಡೆಸಿಬೆಲ್ಲನ್ನೂ ಮುಟ್ಟುವುದಿಲ್ಲ. ಟ್ಯೂನರ್ ಇಲ್ಲದ ಇಂದಿನ ರೇಡಿಯೋ ಅಷ್ಟು ಎಸ್‌ಡಬ್ಲ್ಯುಆರ್ ಕಂಡೊಡನೆ ತನ್ನ ರಕ್ಷಣೆಗಾಗಿ ಶಕ್ತಿಯನ್ನು ಇಳಿಸಿಬಿಡುತ್ತದೆ, ತೊಂದರೆ ಇರುವುದು ಅಲ್ಲಿ.

ತಂತಿಗಂಟು:
ವಾಗ್ವಾದಕ್ಕೆ ಮೊದಲು ನನ್ನ ಅಳತೆಗಳನ್ನು ನೋಡಿ. 7.0ರಲ್ಲಿ 2.2, 7.2ರಲ್ಲಿ 3.8. ಅನಲೈಸರ್ ಪ್ರಕಾರ ಅತಿ ಕಡಿಮೆ 6.85ರಲ್ಲಿ. ಪ್ಲಾಸ್ಟಿಕ್ ಹೊದಿಕೆಯ ತಂತಿ, ಎತ್ತರ 5 ಮೀಟರ್; ಕೇಬಲ್ ಒಂದು ತೋಳಿನ ಅಡಿಯಲ್ಲೇ ಗೋಡೆಯವರೆಗೆ ಬರುತ್ತದೆ. ಇವೆಲ್ಲ ಹೇಳಬೇಕಾದ ಸಂಗತಿಗಳೆಂದು ನನಗೆ ಅನ್ನಿಸಿರಲಿಲ್ಲ.

ಏಣಿಯವ:
ಇದರಲ್ಲಿಯೇ ಉತ್ತರವಿದೆ. 143ರ ಸೂತ್ರ ಕತ್ತರಿ ಹಿಡಿಯುವ ಮುನ್ನ ಬೇಕಾಗುವ ಅಂದಾಜು ಮಾತ್ರ. ಪ್ಲಾಸ್ಟಿಕ್ ಹೊದಿಕೆಯಿಂದಲೂ ನೆಲದ ಸಾಮೀಪ್ಯದಿಂದಲೂ ಅನುರಣನ, ಅಂದರೆ ಆಂಟೆನಾ ಸಹಜವಾಗಿ ಹೊಂದುವ ಫ್ರೀಕ್ವೆನ್ಸಿ, ಕೆಳಗಿಳಿಯುತ್ತದೆ. 20.14ನ್ನು 6.85ರಿಂದ ಗುಣಿಸಿ 7.1ರಿಂದ ಭಾಗಿಸಿದರೆ ಸುಮಾರು 19.43 ಬರುತ್ತದೆ, ಅಂದರೆ ಪ್ರತಿ ತೋಳಿನಲ್ಲಿ ಸುಮಾರು 35 ಸೆಂಟಿಮೀಟರ್ ಹೆಚ್ಚಿದೆ. ಇನ್ನು ಮಧ್ಯಾಹ್ನದ ಮೌನಕ್ಕೆ ಕಾರಣ ಬೇರೆ. ಹಗಲಿನಲ್ಲಿ ವಾತಾವರಣದ ಮೇಲ್ಭಾಗವಾದ ಅಯಾನುಗೋಲದ ಡಿ ಪದರ ಈ ಬ್ಯಾಂಡಿನ ಅಲೆಗಳನ್ನು ಹೀರುತ್ತದೆ; ಅಷ್ಟು ತಗ್ಗಿನ ಡೈಪೋಲ್ ಬಹುತೇಕ ನೇರ ಮೇಲಕ್ಕೇ ಸೂಸುವುದರಿಂದ ಕೆಲವು ನೂರು ಕಿಲೋಮೀಟರ್ ಒಳಗಿನವರು ಸಿಗುತ್ತಾರೆ, ದೂರದವರಿಗೆ ಕತ್ತಲಾಗುವವರೆಗೆ ಕಾಯಬೇಕು.

ಫೆರೈಟ್‌ಪ್ರಿಯ:
ಹಾಗಾದರೆ ಕೇಬಲ್ ಸರಿಸಿದಾಗ ಮುಳ್ಳು ಅಲುಗುವುದೇಕೆ? ಅದಕ್ಕೆ ಯಾರೂ ಉತ್ತರಿಸಿಲ್ಲ.

ತಂತಿಗಂಟು:
ನನ್ನ ಪ್ರಶ್ನೆಯೂ ಅದೇ. ಮೊದಲು ಕತ್ತರಿಸಲೇ, ಚೋಕ್ ಹಾಕಲೇ?

ಏಣಿಯವ:
ಚೋಕ್ ವಿಷಯದಲ್ಲಿ ಫೆರೈಟ್‌ಪ್ರಿಯರ ಮಾತನ್ನು ಒಪ್ಪುತ್ತೇನೆ, ಆದರೆ ಅದೊಂದರಿಂದಲೇ 6.85 ಎಂಬುದು 7.1 ಆಗುತ್ತದೆ ಎಂದು ನಂಬಬೇಡಿ. ಮೊದಲು ಚೋಕ್ ಹಾಕಿ, ಕೇಬಲ್ಲನ್ನು ತೋಳಿಗೆ ಲಂಬವಾಗಿ ಇಳಿಸಿ, ಮತ್ತೆ ಅಳೆಯಿರಿ. ಕೇಬಲ್ ಆಂಟೆನಾದ ಭಾಗವಾಗಿರುವಾಗ ತೆಗೆದ ಅಳತೆಯನ್ನು ನಂಬಿ ಕತ್ತರಿಸಿದರೆ, ಚೋಕ್ ಹಾಕಿದ ಮೇಲೆ ತಂತಿಯನ್ನು ಮತ್ತೆ ಜೋಡಿಸಬೇಕಾದೀತು. ಆಮೇಲೆ 35 ಸೆಂಟಿಮೀಟರನ್ನು ಒಮ್ಮೆಗೇ ತೆಗೆಯದೆ, ಎರಡೂ ಕಡೆ ಹತ್ತು ಹತ್ತರಂತೆ ಸಮವಾಗಿ ಕತ್ತರಿಸುತ್ತ, ಪ್ರತಿ ಸಲವೂ ಅನಲೈಸರ್ ನೋಡುತ್ತ ಬನ್ನಿ. 73 (ಶುಭಾಶಯಗಳು).