ಅಪ್‌ಡೇಟ್: ಬೋಸ್ಟನ್ ಕ್ವಾಲಿಫೈಗೆ ಡೆಲ್ಲಿನೇ ಫೈನಲ್ ಮಾಡ್ದೆ

ಬೋಸ್ಟನ್ ಮ್ಯಾರಥಾನ್‌ಗೆ ಕ್ವಾಲಿಫೈ ಆಗೋಕೆ, ಅಂದ್ರೆ ಬೇರೆ ಮ್ಯಾರಥಾನ್ ಒಂದನ್ನ ಅವ್ರು ವಯಸ್ಸಿಗೆ ತಕ್ಕಂಗೆ ಇಟ್ಟಿರೋ ಟೈಮ್ ಒಳಗೆ ಓಡಿ ಮುಗಿಸೋಕೆ, ಮುಂಬೈ ಓಡ್ಲಾ, ಡೆಲ್ಲಿ ಓಡ್ಲಾ, ಇಲ್ಲ ದುಡ್ಡು ಕೂಡಿಟ್ಟು ಬರ್ಲಿನ್‌ಗೇ ಹೋಗ್ಲಾ ಅಂತ ಕೇಳಿದ್ನಲ್ಲ, ಉತ್ತರ ಕೊಟ್ಟ ಎಲ್ರಿಗೂ ತುಂಬಾ ಥ್ಯಾಂಕ್ಸ್, ಡೆಲ್ಲಿಗೇ ಹೋಗ್ತಿದೀನಿ.

ಮುಂಬೈ ಬಿಡೋಕೆ ಪೆಡ್ಡರ್ ರೋಡ್ ಏರೇ ಕಾರಣ, ಅದು ಬರೋದೇ 35 ಕಿಲೋಮೀಟರ್ ಹತ್ರ, ಕಾಲು ಸೋತು ಹೋಗಿರೋ ಟೈಮಲ್ಲಿ, ಮೇಲೆ ಸಮುದ್ರದ ಸೆಕೆ ಬೇರೆ, ಚಿಕ್ಕಮಗಳೂರು ಚಳೀಲಿ ಓಡೋ ನಮಗೆ ಆಗಲ್ಲ. ಡೆಲ್ಲಿ ಫೆಬ್ರವರಿ ಬೆಳಗ್ಗೆ ತಂಪು, ರಸ್ತೆನೂ ಚಪ್ಪಟೆ.

ಇಳಿಜಾರು ಕೋರ್ಸ್ ಹುಡುಕಿ ಅಂದಿದ್ರಲ್ಲ ಕೆಲವ್ರು, 2027ರ ಬೋಸ್ಟನ್‌ನಿಂದ ಅದಕ್ಕೂ ಕತ್ತರಿ ಬಿದ್ದಿದೆ. ಶುರುವಾಗೋ ಜಾಗಕ್ಕಿಂತ ಮುಗಿಯೋ ಜಾಗ 1500 ಅಡಿ ಕೆಳಗಿದ್ರೆ ನಮ್ಮ ಟೈಮ್‌ಗೆ 5 ನಿಮಿಷ ಸೇರಿಸ್ತಾರೆ, 3000 ಆದ್ರೆ 10, 6000 ಆದ್ರೆ ಲೆಕ್ಕಕ್ಕೇ ತಗೊಳಲ್ಲ. ಇದು ನ್ಯಾಯ ಅಂತಾನೇ ನನಗನ್ಸುತ್ತೆ.

40-44 ವಯಸ್ಸಿನ ಹೆಂಗಸರಿಗೆ ಬೋಸ್ಟನ್ ಇಟ್ಟಿರೋ ಟೈಮ್ 3 ಗಂಟೆ 35 ನಿಮಿಷ, ಅಂದ್ರೆ ಕಿಲೋಮೀಟರ್‌ಗೆ ಸುಮಾರು 5 ನಿಮಿಷ 6 ಸೆಕೆಂಡ್. ಆದ್ರೆ 2026ಕ್ಕೆ ಇಟ್ಟಿರೋ ಟೈಮ್‌ಗಿಂತ 4 ನಿಮಿಷ 34 ಸೆಕೆಂಡ್ ಬೇಗ ಓಡಿದವ್ರಿಗೆ ಮಾತ್ರ ಜಾಗ ಸಿಕ್ಕಿದ್ದು, ಹಂಗಾಗಿ ಕಿಲೋಮೀಟರ್‌ಗೆ 5 ನಿಮಿಷದ ಒಳಗೇ ಇರ್ಬೇಕು ಅಂತ ಗಟ್ಟಿ ಮಾಡ್ಕೊಂಡಿದೀನಿ.

ಮುಳ್ಳಯ್ಯನಗಿರಿ ಕಡೆ ಏರು ಓಡೋದು ವಾರಕ್ಕೊಂದ್ಸಲ ಸಾಕು, ಲಾಂಗ್ ರನ್ ಎಲ್ಲಾ ಈಗ ಕಡೂರು ರೋಡಲ್ಲಿ, ಸಖರಾಯಪಟ್ಟಣದ ಕಡೆ ಹೋದಂಗೆ ನೆಲ ಬಯಲಾಗ್ತಾ ಹೋಗುತ್ತೆ, ಒಂದೇ ಪೇಸ್ ಹಿಡಿಯೋಕೆ ಅದೇ ಬೇಕು. ಆ ಕಡೆ ಬೆಳಗ್ಗೆ ಐದಕ್ಕೆ ಜೊತೆಗೆ ಓಡೋರು ಯಾರಾದ್ರೂ ಇದ್ರೆ ಹೇಳಿ.