ಬಗ್ಗಿಯ ಡಿಫ್‌ಗೆ ಯಾವ ಎಣ್ಣೆ, ಕಟಕಟ ಶಬ್ದ ಎಲ್ಲಿಂದ? ಕೇಳಿ, ಹೇಳುತ್ತೇನೆ

ಎಲ್ಲರಿಗೂ ನಮಸ್ಕಾರ. ಡಿಫ್ (ಡಿಫರೆನ್ಷಿಯಲ್, ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರಿನ ಡಬ್ಬಿ) ಒಳಗೆ ಹಾಕುವ ಆಯಿಲ್ ಬಗ್ಗೆ ಗುಂಪಿನಲ್ಲಿ ಪ್ರಶ್ನೆಗಳು ಅಲ್ಲೊಂದು ಇಲ್ಲೊಂದು ಬಂದು ಕಳೆದುಹೋಗುತ್ತಿವೆ. ಎಲ್ಲವನ್ನೂ ಇಲ್ಲೇ ಕೇಳಿ. ಆರ್‌ಸಿ ಗಾಡಿ, ಅಂದರೆ ರಿಮೋಟಿನಲ್ಲಿ ಓಡಿಸುವ ಸಣ್ಣ ಗಾಡಿಗಳ ರಿಪೇರಿ ನನ್ನ ಕೆಲಸ, ಅದರಲ್ಲೂ ಮಣ್ಣಿನಲ್ಲಿ ಓಡುವ ಬಗ್ಗಿ ಅಂದ್ರೆ ಜಾಸ್ತಿ ಪ್ರೀತಿ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. "ಎಣ್ಣೆ ಸರಿಯಿಲ್ಲ" ಅಂತ ನನ್ನ ಹತ್ತಿರ ಬರುವ ಎಷ್ಟೋ ಗಾಡಿಗಳಲ್ಲಿ ಎಣ್ಣೆಯ ತೊಂದರೆಯೇ ಇರುವುದಿಲ್ಲ. ಬೇರಿಂಗ್ ಸವೆದಿರುತ್ತದೆ, ಪಿನ್ ಬಿದ್ದುಹೋಗಿರುತ್ತದೆ, ಸ್ಕ್ರೂ ಸಡಿಲ ಆಗಿರುತ್ತದೆ. ಅದನ್ನೆಲ್ಲ ಸರಿ ಮಾಡಿದ ಮೇಲೆ ಎಣ್ಣೆ ಬದಲಾಯಿಸಿದರೆ ಮಾತ್ರ ವ್ಯತ್ಯಾಸ ಗೊತ್ತಾಗುವುದು.

ಪ್ರಶ್ನೆ (ತುಮಕೂರು): ಅಣ್ಣಾ, 1:8 (ನಿಜವಾದ ಗಾಡಿಯ ಎಂಟನೇ ಒಂದು ಅಳತೆಯ) ಎಲೆಕ್ಟ್ರಿಕ್ ಬಗ್ಗಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದೇನೆ. ಒಳಗೆ ಯಾವ ಎಣ್ಣೆ ಇದೆಯೋ ಗೊತ್ತಿಲ್ಲ. ಓಡಿಸೋದು ಊರಾಚೆ ಕೆಮ್ಮಣ್ಣಿನ ಮೈದಾನದಲ್ಲಿ, ಮೇಲೆಲ್ಲ ಸಡಿಲ ಮಣ್ಣು, ಸಣ್ಣ ಜಲ್ಲಿ. ಮೂರು ಡಿಫ್‌ಗೂ ಒಂದೇ ಎಣ್ಣೆ ಹಾಕಿದರೆ ಆಗಲ್ವಾ?

ಉತ್ತರ: ಹಾಕಿದರೆ ಗಾಡಿ ಓಡುತ್ತದೆ, ಆದರೆ ನೀವು ಹೇಳಿದ ಹಾಗೆ ಕೇಳುವುದಿಲ್ಲ. ಮೂರು ಡಿಫ್‌ಗಳ ಕೆಲಸ ಬೇರೆ ಬೇರೆ. ನಿಮ್ಮ ನೆಲಕ್ಕೆ ನಾನು 5-5-3 ಇಂದ ಶುರು ಮಾಡುತ್ತೇನೆ. ಅಂದರೆ ಮುಂದೆ 5000, ನಡುವೆ 5000, ಹಿಂದೆ 3000 ಸೆಂಟಿಸ್ಟೋಕ್ಸ್. ಸೆಂಟಿಸ್ಟೋಕ್ಸ್ ಅಂದರೆ ಎಣ್ಣೆ ಎಷ್ಟು ಗಟ್ಟಿ ಅನ್ನುವ ಅಳತೆ. ಈ ಲೆಕ್ಕವನ್ನು ಯಾವಾಗಲೂ ಮುಂದೆ, ನಡು, ಹಿಂದೆ ಅನ್ನುವ ಕ್ರಮದಲ್ಲೇ ಹೇಳುತ್ತಾರೆ. 7-7-3 ಅಂತ ಯಾರಾದರೂ ಹೇಳಿದರೆ ಹೀಗೇ ಓದಿಕೊಳ್ಳಿ.

ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಜಾಸ್ತಿ ದೂರ ಓಡಬೇಕು. ಅದಕ್ಕೆ ಅವಕಾಶ ಕೊಡೋದು ಡಿಫ್. ಎಣ್ಣೆ ಗಟ್ಟಿ ಇದ್ದಷ್ಟೂ ಆ ಅವಕಾಶ ಕಡಿಮೆ, ಎರಡು ಚಕ್ರವೂ ಒಟ್ಟಿಗೇ ತಿರುಗಲು ನೋಡುತ್ತವೆ.

ಮುಂದಿನ ಡಿಫ್ ತೆಳುವಾಗಿದ್ದರೆ ಥ್ರಾಟಲ್ ಬಿಟ್ಟ ಕೂಡಲೇ ಮೂತಿ ತಿರುವಿನ ಒಳಕ್ಕೆ ಚುರುಕಾಗಿ ಹೋಗುತ್ತದೆ. ಗಟ್ಟಿ ಇದ್ದರೆ ಒಳಕ್ಕೆ ಹೋಗುವಾಗ ಸ್ವಲ್ಪ ಮೊಂಡು, ಆದರೆ ಥ್ರಾಟಲ್ ಕೊಟ್ಟಾಗ ಮುಂದಿನ ಚಕ್ರಗಳು ಗಾಡಿಯನ್ನು ತಿರುವಿನಿಂದ ಎಳೆದುಕೊಂಡು ಬರುತ್ತವೆ. ಹಿಂದಿನ ಡಿಫ್ ತೆಳುವಾಗಿದ್ದರೆ ತಿರುವಿನಲ್ಲಿ ಹಿಂಭಾಗ ನೆಲ ಹಿಡಿದು ಕೂರುತ್ತದೆ. ಗಟ್ಟಿ ಮಾಡುತ್ತ ಹೋದರೆ ನೇರ ಓಟದಲ್ಲಿ ಎಳೆತ ಚೆನ್ನಾಗಿರುತ್ತದೆ, ತಿರುವಿನಲ್ಲಿ ಥ್ರಾಟಲ್ ಒತ್ತಿದಾಗ ಮಾತ್ರ ಹಿಂಭಾಗ ಜಾರುತ್ತದೆ. ಸಡಿಲ ಮಣ್ಣಿನಲ್ಲಿ ಇದು ಬೇಗ ಕೈಮೀರುತ್ತದೆ. ಅದಕ್ಕೇ ಹಿಂದೆ 3000. ಆಗಲೂ ಜಾರಿದರೆ 2000ಕ್ಕೆ ಇಳಿಸಿ.

ನಡುವಿನ ಡಿಫ್ ಬಗ್ಗೆ ಸ್ವಲ್ಪ ಗಮನ ಕೊಡಿ. ಮೋಟಾರಿನ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚೋದು ಅದು. ಗಾಡಿ ಮುಂದಕ್ಕೆ ನೆಗೆದಾಗ ಭಾರವೆಲ್ಲ ಹಿಂದಕ್ಕೆ ಹೋಗುತ್ತದೆ, ಮುಂದಿನ ಚಕ್ರಗಳು ಹಗುರಾಗುತ್ತವೆ. ಎಣ್ಣೆ ತೀರಾ ತೆಳುವಾಗಿದ್ದರೆ ಮೋಟಾರಿನ ಶಕ್ತಿಯೆಲ್ಲ ಆ ಹಗುರಾದ ಚಕ್ರಗಳಿಗೇ ಸೋರಿಹೋಗುತ್ತದೆ. ಹೊರಡುವಾಗ ಪಕ್ಕದಲ್ಲಿ ಕೂತು ನೋಡಿ: ಮುಂದಿನ ಟೈರು ಗಿರ್ ಅಂತ ಸುತ್ತಿ ನಡು ಉಬ್ಬಿ, ಅಂಚು ಒಳಕ್ಕೆ ಎಳೆದುಕೊಂಡು ಚೂಪಾಗುತ್ತದೆ. ಹಾಗೆ ಕಂಡರೆ ನಡುವಿನ ಎಣ್ಣೆಯನ್ನು 7000ಕ್ಕೆ ಏರಿಸಿ. ಒಮ್ಮೆಲೇ 20,000 ಹಾಕಬೇಡಿ. ಗಾಡಿ ಒರಟಾಗಿ ಕಿತ್ತುಕೊಂಡು ಹೋಗುತ್ತದೆ, ಸಡಿಲ ನೆಲದಲ್ಲಿ ನೇರ ಹಿಡಿಯೋದೇ ಕಷ್ಟ.

ಬದಲಾಯಿಸುವಾಗ ಒಂದು ಸಲಕ್ಕೆ ಒಂದೇ ಡಿಫ್ ಮುಟ್ಟಿ. ಎಷ್ಟು ಬದಲಾಯಿಸಬೇಕು ಅನ್ನೋದನ್ನು ಕೂಡಿಸಿ ಕಳೆದು ನೋಡಬೇಡಿ, ಎಷ್ಟು ಪಟ್ಟು ಅಂತ ನೋಡಿ. 3000ದಿಂದ 5000ಕ್ಕೆ ಹೋದರೆ ಕೈಗೆ ಗೊತ್ತಾಗುತ್ತದೆ. 20,000ದಿಂದ 22,000ಕ್ಕೆ ಹೋದರೆ ಯಾರಿಗೂ ಗೊತ್ತಾಗಲ್ಲ.

ಪ್ರಶ್ನೆ (ದಾವಣಗೆರೆ): ಸರ್, ನಡುವಿನ ಡಿಫ್‌ಗೆ 50 ಅಂತ ಬರೆದ ಬಾಟಲಿ ತಂದು ಹಾಕಿದೆ. 50ಕೆ (50,000) ಹಾಕಿದರೆ ಲಾಕ್ ಆದ ಹಾಗೆ ಇರುತ್ತೆ ಅಂದಿದ್ರು. ಆದರೆ ಗಾಡಿ ಮುಂಚೆಗಿಂತ ನಿಧಾನ ಆಯ್ತು, ಮುಂದಿನ ಚಕ್ರ ಸುಮ್ನೆ ಸುತ್ತುತ್ತೆ.

ಉತ್ತರ: ಬಾಟಲಿ ಮೇಲೆ 50ರ ಪಕ್ಕ "ವೇಟ್" ಅಂತ ಇದೆಯಾ ನೋಡಿ. ಇದ್ದರೆ ಅದು ಶಾಕ್ ಆಯಿಲ್, ಶಾಕ್ ಅಬ್ಸಾರ್ಬರಿಗೆ ಹಾಕೋದು, ಡಿಫ್‌ಗೆ ಹಾಕೋದಲ್ಲ. 50 ವೇಟ್ ಅಂದರೆ ಹೆಚ್ಚುಕಡಿಮೆ 600–700 ಸೆಂಟಿಸ್ಟೋಕ್ಸ್. ನಿಮಗೆ ಬೇಕಿದ್ದದ್ದು 50,000. ವೇಟ್ ಲೆಕ್ಕ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಅಸೋಸಿಯೇಟೆಡ್ ಕಂಪನಿಯ 30 ವೇಟ್ 350 ಸೆಂಟಿಸ್ಟೋಕ್ಸ್, ಬೇರೆಯವರದು ಅಷ್ಟೇ ಇರಬೇಕು ಅಂತಿಲ್ಲ. ಹಾಗಾಗಿ ಯಾವಾಗಲೂ ಸೆಂಟಿಸ್ಟೋಕ್ಸ್ ನೋಡಿ ಕೊಳ್ಳಿ. ನೀರು ಸುಮಾರು 1, ಅದನ್ನು ನೆನಪಿಟ್ಟುಕೊಂಡರೆ ಅಂದಾಜು ಸಿಗುತ್ತದೆ. ಈಗಿರುವ ಎಣ್ಣೆ ಪೂರ್ತಿ ತೆಗೆದು, ಗೇರುಗಳನ್ನು ಒರೆಸಿ, ಆಮೇಲೆ ಹೊಸದು ಹಾಕಿ. ಉಳಿದ ತೆಳು ಎಣ್ಣೆ ಹೊಸದನ್ನೂ ಕೆಡಿಸುತ್ತದೆ. ಇನ್ನೊಂದು ಮಾತು, 50,000 ನಿಮಗೆ ನಿಜವಾಗಿ ಬೇಕಾ? ಅದು ಸಾಮಾನ್ಯವಾಗಿ ಹಿಡಿತ ಜಾಸ್ತಿ ಇರುವ ಟ್ರ್ಯಾಕಿನಲ್ಲಿ 1:10 ಫೋರ್ ವೀಲ್ ಬಗ್ಗಿಯ ನಡುವಿನ ಡಿಫ್‌ಗೆ ಹಾಕೋದು. ನಿಮ್ಮದು 1:8 ಆಗಿದ್ದರೆ ಮೇಲೆ ತುಮಕೂರಿನವರಿಗೆ ಹೇಳಿದ್ದನ್ನೇ ಮೊದಲು ಮಾಡಿ ನೋಡಿ.

ಪ್ರಶ್ನೆ (ದಾವಣಗೆರೆ, ಅವರೇ): ಥ್ಯಾಂಕ್ಸ್ ಸರ್, ಶಾಕ್ ಆಯಿಲ್ಲೇ ಅದು. ಮನೇಲಿ 5000, 10,000 ಇದೆ. ಬೆರೆಸಿ 7000 ಮಾಡಬಹುದಾ?

ಉತ್ತರ: ಮಾಡಬಹುದು, ಅದೂ ಸುಲಭ. ಎರಡನ್ನೂ ಸಮ ಬೆರೆಸಿದರೆ 7500 ಬರಲ್ಲ, 7000ದ ಹತ್ತಿರ ಬರುತ್ತದೆ. ತೆಳು ಎಣ್ಣೆಯ ಕೈ ಯಾವಾಗಲೂ ಮೇಲು. 1000 ಮತ್ತು 1,00,000 ಸಮ ಬೆರೆಸಿದರೆ ಸುಮಾರು 10,000 ಆಗುತ್ತದೆ, 50,000 ಅಲ್ಲ. ಎರಡೂ ಶುದ್ಧ ಸಿಲಿಕೋನ್ ಆಗಿರಬೇಕು. ನಿಧಾನವಾಗಿ ಕಲಸಿ, ಗುಳ್ಳೆ ಹೋಗುವವರೆಗೆ ಒಂದು ರಾತ್ರಿ ಬಿಡಿ.

ಪ್ರಶ್ನೆ (ಹಾವೇರಿ): ಅಣ್ಣಾ, ಸಿಲಿಕೋನ್ ಎಣ್ಣೆ ಇಲ್ಲಿ ಸಿಗಲ್ಲ, ತರಿಸಿದರೆ ದುಬಾರಿ. ಹರಳೆಣ್ಣೆ ಹಾಕಬಹುದಾ? ಅದೂ ಗಟ್ಟಿ ಇರುತ್ತಲ್ವಾ?

ಉತ್ತರ: ಗಟ್ಟಿ ಇರೋದು ನಿಜ, ಆದರೆ ತಣ್ಣಗಿದ್ದಾಗ ಮಾತ್ರ. ಹರಳೆಣ್ಣೆ 20 ಡಿಗ್ರಿಯಲ್ಲಿ ಸುಮಾರು 1000 ಸೆಂಟಿಸ್ಟೋಕ್ಸ್. 40 ಡಿಗ್ರಿಗೆ ಬರುವಷ್ಟರಲ್ಲಿ 250ರ ಆಸುಪಾಸು. 100 ಡಿಗ್ರಿಯಲ್ಲಿ 20ರ ಹತ್ತಿರ, ಹೆಚ್ಚುಕಡಿಮೆ ಏನೂ ಉಳಿಯಲಿಲ್ಲ. ಸಿಲಿಕೋನ್ ಅದೇ 40ರಿಂದ 100ಕ್ಕೆ ಹೋಗುವಾಗ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಕಳೆದುಕೊಳ್ಳುತ್ತದೆ, ಅಷ್ಟೇ. ಡಿಫ್‌ಗೆ ಸಿಲಿಕೋನ್ ಆರಿಸಿಕೊಂಡಿರೋದೇ ಇದಕ್ಕೆ. ನಿಮ್ಮ ಹಾವೇರಿಯ ಬೇಸಿಗೆಯಲ್ಲಿ ಹರಳೆಣ್ಣೆ ಹಾಕಿದರೆ ಬೆಳಿಗ್ಗೆ ಒಂದು ಗಾಡಿ, ಮಧ್ಯಾಹ್ನ ಇನ್ನೊಂದು ಗಾಡಿ. ಬೈಕು, ಜೀಪಿಗೆ ಹಾಕುವ 90ರ ಗೇರ್ ಆಯಿಲ್ಲೂ ಇಲ್ಲಿ ತೀರಾ ತೆಳು. ಒಂದು ಡಿಫ್‌ಗೆ ಬೇಕಾಗೋದು ಸ್ವಲ್ಪವೇ ಎಣ್ಣೆ. ಒಂದು ಬಾಟಲಿ ತರಿಸಿ ಇಬ್ಬರು ಮೂವರು ಸೇರಿ ಹಂಚಿಕೊಳ್ಳಿ.

ಪ್ರಶ್ನೆ (ಉಡುಪಿ): ನಮಸ್ಕಾರ ಸರ್. 1:8, 4ಎಸ್ (ನಾಲ್ಕು ಸೆಲ್ಲಿನ) ಬ್ಯಾಟರಿ. ಜೋರಾಗಿ ಥ್ರಾಟಲ್ ಕೊಟ್ಟಾಗ ಕಟಕಟ ಅಂತ ಶಬ್ದ. ನಿಧಾನ ಹೋದರೆ ಇಲ್ಲ. ಡಿಫ್‌ಗಳಿಗೆ ಗಟ್ಟಿ ಎಣ್ಣೆ ಹಾಕಿದೆ, ಹೋಗಲಿಲ್ಲ.

ಉತ್ತರ: ಇದು ಎಣ್ಣೆಯಿಂದ ಹೋಗುವ ಶಬ್ದ ಅಲ್ಲ. ಎಲ್ಲೋ ಗೇರಿನ ಹಲ್ಲು ಕಚ್ಚಿಕೊಳ್ಳದೆ ಹಾರುತ್ತಿದೆ. ಓಡಿಸೋದು ಈಗಲೇ ನಿಲ್ಲಿಸಿ, ಒಂದೊಂದು ಕಟ್ ಅನ್ನುವಾಗಲೂ ಗೇರು ಸವೆಯುತ್ತಿದೆ.

ಬ್ಯಾಟರಿ ತೆಗೆದಿಡಿ. ಮೋಟಾರ್ ಸ್ಕ್ರೂ ಸಡಿಲಿಸಿ, ಪಿನಿಯನ್ (ಮೋಟಾರ್ ಮೇಲಿನ ಸಣ್ಣ ಗೇರ್) ಅನ್ನು ಸ್ಪರ್ ಗೇರ್‌ನಿಂದ (ಅದು ತಿರುಗಿಸುವ ದೊಡ್ಡ ಗೇರ್) ದೂರ ಸರಿಸಿ. ಸ್ಪರ್ ಹಲ್ಲು ಒಂದೊಂದೇ ನೋಡಿ. ಒಂದು ಕಡೆ ತುದಿ ಕರಗಿದ ಹಾಗೆ ದುಂಡಗಾಗಿದ್ದರೆ ಕಳ್ಳ ಅಲ್ಲೇ ಸಿಕ್ಕ. ಹೊಸ ಸ್ಪರ್ ಹಾಕಿ. ಜೋಡಿಸುವಾಗ ನೋಟ್‌ಬುಕ್ ಕಾಗದದ ಒಂದು ಪಟ್ಟಿಯನ್ನು ಎರಡು ಗೇರುಗಳ ಮಧ್ಯೆ ಇಟ್ಟು, ಒತ್ತಿ ಹಿಡಿದು, ಸ್ಕ್ರೂ ಬಿಗಿ ಮಾಡಿ, ಕಾಗದ ಸುತ್ತಿಸಿ ತೆಗೆಯಿರಿ. ಸ್ಪರ್ ಪೂರ್ತಿ ದುಂಡಗಿರಲ್ಲ, ಹಾಗಾಗಿ ಕಾಲು ಕಾಲು ಸುತ್ತು ತಿರುಗಿಸಿ ನಾಲ್ಕು ಕಡೆ ನೋಡಿ. ಎಲ್ಲ ಕಡೆಯೂ ಕೂದಲೆಳೆಯಷ್ಟು ಆಟ, ಅಂದರೆ ಸಡಿಲ ಇರಬೇಕು.

ಸ್ಪರ್ ಚೆನ್ನಾಗಿದ್ದರೆ ತೊಂದರೆ ಮುಂದಿನ ಅಥವಾ ಹಿಂದಿನ ಕ್ರೌನ್-ಪಿನಿಯನ್‌ನಲ್ಲಿ. ಕ್ರೌನ್ ಅಂದರೆ ಡಿಫ್ ಮೇಲಿನ ದೊಡ್ಡ ಗೇರ್, ಇಲ್ಲಿ ಪಿನಿಯನ್ ಅಂದರೆ ಅದನ್ನು ತಿರುಗಿಸುವ ಸಣ್ಣ ಗೇರ್. ಮುಂದಿನ ಡ್ರೈವ್ ಶಾಫ್ಟ್ ಅನ್ನು ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದು, ಇನ್ನೊಂದು ಕೈಯಲ್ಲಿ ಮುಂದಿನ ಎರಡೂ ಚಕ್ರಗಳನ್ನು ಒಟ್ಟಿಗೇ ಹಿಂದೆ ಮುಂದೆ ಅಲುಗಾಡಿಸಿ. ಹಿಂದೆಯೂ ಹಾಗೇ. ಯಾವ ಕಡೆ ಆಟ ಜಾಸ್ತಿಯೋ ಆ ಹೌಸಿಂಗ್ (ಡಿಫ್ ಕೂತಿರುವ ಪೆಟ್ಟಿಗೆ) ಬಿಚ್ಚಿ. ಡಿಫ್‌ನ ಎರಡು ಪಕ್ಕದ ಬೇರಿಂಗ್ ಮೊದಲು ನೋಡಿ, ಬಹಳಷ್ಟು 1:8 ಬಗ್ಗಿಗಳಲ್ಲಿ ಅದು 8-16-5 ಅಳತೆಯದು (ಒಳವ್ಯಾಸ, ಹೊರವ್ಯಾಸ, ದಪ್ಪ, ಮಿ.ಮೀ. ಲೆಕ್ಕದಲ್ಲಿ). ಬೆರಳಲ್ಲಿ ಅಲ್ಲಾಡಿಸಿದರೆ ಒಳಗಿನ ರಿಂಗ್ ಅಲುಗಿದರೆ ಬದಲಾಯಿಸಿ. ಸಡಿಲ ಬೇರಿಂಗ್ ಮೇಲೆ ಶಿಮ್ (ತೆಳು ವಾಷರ್) ಹಾಕಿ ಪ್ರಯೋಜನ ಇಲ್ಲ.

ಆಮೇಲೆ ಶಿಮ್. ಕ್ರೌನ್‌ನ ಹಲ್ಲು ಯಾವ ಕಡೆ ಮುಖ ಮಾಡಿದೆ ನೋಡಿಕೊಳ್ಳಿ. ಅದರ ಬೆನ್ನಿನ ಕಡೆ, ಬೇರಿಂಗ್ ಮತ್ತು ಡಿಫ್ ನಡುವೆ, 0.1 ಅಥವಾ 0.2 ಮಿ.ಮೀ. ಶಿಮ್ ಹಾಕಿ. ಆಗ ಹಲ್ಲು ಪಿನಿಯನ್ ಕಡೆಗೆ ಸರಿಯುತ್ತದೆ. ಹೌಸಿಂಗ್ ಮುಚ್ಚಿ, ಸ್ಕ್ರೂ ಬಿಗಿ ಮಾಡಿ, ಆಮೇಲೇ ತಿರುಗಿಸಿ ನೋಡಿ. ಮುಚ್ಚದೆ ನೋಡಿದ ಲೆಕ್ಕ ತಪ್ಪುತ್ತದೆ. ಜೋರಾಗಿ ಹೋದಾಗ ಮಾತ್ರ ಶಬ್ದ ಅಂದಿರಲ್ಲ, ಹೌಸಿಂಗ್ ಸ್ಕ್ರೂ ಸಡಿಲ ಇದ್ದರೂ ಹೀಗೇ ಆಗುತ್ತದೆ. ಭಾರ ಬಿದ್ದಾಗ ಹೌಸಿಂಗ್ ಬಾಯಿ ತೆರೆದು ಗೇರುಗಳು ದೂರ ಸರಿಯುತ್ತವೆ. ಅದನ್ನು ಮರೆಯದೆ ನೋಡಿ.

ಪ್ರಶ್ನೆ (ಉಡುಪಿ, ಅವರೇ): ಹಿಂದಿನ ಕ್ರೌನ್ ಸರ್. ಬೇರಿಂಗ್ ಎರಡೂ ಹೋಗಿತ್ತು. ಹೊಸದು ಹಾಕಿ 0.2 ಶಿಮ್ ಕೊಟ್ಟೆ. ಶಬ್ದ ನಿಂತಿದೆ. ಆದರೆ ಕೈಯಲ್ಲಿ ತಿರುಗಿಸಿದರೆ ಒಂದು ಸುತ್ತಿನಲ್ಲಿ ಒಂದೇ ಜಾಗದಲ್ಲಿ ಬಿಗಿ.

ಉತ್ತರ: ಒಂದೇ ಜಾಗ ಅಂದರೆ ಕ್ರೌನ್ ನೇರ ಕೂತಿಲ್ಲ. ಕ್ರೌನ್ ಹಿಡಿದಿರುವ ನಾಲ್ಕು ಸ್ಕ್ರೂ ಸಡಿಲಿಸಿ, ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಗ್ಯಾಸ್ಕೆಟ್ ಕೆಳಗೆ ಒಂದು ಮರಳಿನ ಕಾಳು ಸಿಕ್ಕಿಕೊಂಡಿದ್ದರೂ ಹೀಗಾಗುತ್ತದೆ. ಸುತ್ತೆಲ್ಲ ಬಿಗಿ ಇದ್ದರೆ 0.2 ತೆಗೆದು 0.1 ಹಾಕಿ. ಬಿಗಿ ಇಟ್ಟೇ ಓಡಿಸಬೇಡಿ, ಮೋಟಾರ್ ಸುಮ್ನೆ ಬಿಸಿಯಾಗುತ್ತದೆ. ಓಡಿಸಿ ಬಂದ ಮೇಲೆ ಮೋಟಾರ್ 80 ಡಿಗ್ರಿ ದಾಟಬಾರದು.

ಪ್ರಶ್ನೆ (ಮೈಸೂರು): ಮಗನ ಗಾಡಿ ಸರ್, ಅವನು ಒಂಬತ್ತನೇ ಕ್ಲಾಸು. ಡಿಫ್‌ಗೆ ನಾವಿಬ್ಬರೂ ಸೇರಿ ಎಣ್ಣೆ ತುಂಬಿದೆವು, ಬಾಯಿವರೆಗೆ. ಎರಡು ದಿನಕ್ಕೆ ಎಲ್ಲ ಸೋರಿ ಪೆಟ್ಟಿಗೆಯೆಲ್ಲ ಎಣ್ಣೆ.

ಉತ್ತರ: ಮೇಡಂ, ತಾಯಿ ಮಗ ಸೇರಿ ಡಿಫ್ ಬಿಚ್ಚಿದ್ದು ಕೇಳಿ ಖುಷಿಯಾಯಿತು. ಬಾಯಿವರೆಗೆ ತುಂಬಿದ್ದೇ ಕಾರಣ ಇರಬಹುದು. ಬಿಸಿಯಾದಾಗ ಎಣ್ಣೆ ಹಿಗ್ಗುತ್ತದೆ, ಒಳಗೆ ಜಾಗ ಇಲ್ಲದಿದ್ದರೆ ಸೀಲ್ ತಳ್ಳಿಕೊಂಡು ಹೊರಗೆ ಬರುತ್ತದೆ. ಒಳಗೆ ಅಡ್ಡ ಪಿನ್ನುಗಳು ಕಾಣುತ್ತವಲ್ಲ, ಅವು ಮುಳುಗುವಷ್ಟು ಹಾಕಿ ಸಾಕು. ಹಾಕಿದ ಮೇಲೆ ಗೇರು ನಿಧಾನವಾಗಿ ತಿರುಗಿಸಿ, ಸ್ವಲ್ಪ ಹೊತ್ತು ಬಿಡಿ. ಗುಳ್ಳೆ ಮೇಲೆ ಬಂದು ಮಟ್ಟ ಇಳಿಯುತ್ತದೆ, ಆಗ ಇನ್ನೊಂದು ಹನಿ ಹಾಕಿ.

ಕಾಗದದ ಗ್ಯಾಸ್ಕೆಟ್ ಹರಿದಿದ್ದರೆ ಹೊಸದು ಹಾಕಿ. ಔಟ್‌ಡ್ರೈವ್ (ಡಿಫ್‌ನಿಂದ ಹೊರಬರುವ ಕಪ್) ಹಿಂದೆ ಇರುವ ಸಣ್ಣ ರಬ್ಬರ್ ಓ-ರಿಂಗ್‌ಗೆ ಗ್ರೀಸ್ ಸವರಿ ಕೂರಿಸಿ. ಗ್ರೀಸ್ ಇಲ್ಲದೆ ಕೂರಿಸಿದರೆ ತಿರುಚಿಕೊಂಡು ಹರಿಯುತ್ತದೆ. ಹೊಸ ರಿಂಗ್ ತರುವಾಗ ನೈಟ್ರೈಲ್ ರಬ್ಬರಿನದು ಕೇಳಿ. ಸಿಲಿಕೋನ್ ಎಣ್ಣೆಗೆ ಸಿಲಿಕೋನ್ ರಬ್ಬರ್ ಉಬ್ಬುತ್ತದೆ. ನೆಲಕ್ಕೆ ಎಣ್ಣೆ ಬಿದ್ದಿದ್ದರೆ ಹುಷಾರು, ಟೈಲ್ಸ್ ಮೇಲೆ ವಿಪರೀತ ಜಾರುತ್ತದೆ. ಮೊದಲು ಒಣಬಟ್ಟೆಯಲ್ಲಿ ಒರೆಸಿ, ಆಮೇಲೆ ಪಾತ್ರೆ ಸೋಪು ಹಾಕಿ ಉಜ್ಜಿ.

ಪ್ರಶ್ನೆ (ಬಳ್ಳಾರಿ): ಗುರುಗಳೇ, 1:10 ಬಗ್ಗಿ. ಮೋಟಾರ್ ತಿರುಗುತ್ತೆ, ಹಿಂದಿನ ಒಂದು ಚಕ್ರಕ್ಕೆ ಪವರ್ ಬರ್ತಿಲ್ಲ. ಡಿಫ್ ಹೋಯ್ತಾ?

ಉತ್ತರ: ಡಿಫ್ ಆಮೇಲೆ. ಚಕ್ರ ಬಿಚ್ಚಿ, ಹಿಂದಿರುವ 12 ಮಿ.ಮೀ. ಹೆಕ್ಸ್ (ಚಕ್ರ ಕೂರುವ ಆರು ಮೂಲೆಯ ತುಂಡು) ನೋಡಿ. ಅದರೊಳಗಿನ ಅಡ್ಡ ಪಿನ್ ಇದೆಯಾ? ಚಕ್ರದ ಪ್ಲಾಸ್ಟಿಕ್ ಹೆಕ್ಸ್ ದುಂಡಗಾಗಿದೆಯಾ? ಎರಡೂ ಸರಿ ಇದ್ದರೆ ಡಾಗ್‌ಬೋನ್ (ಡಿಫ್‌ನಿಂದ ಚಕ್ರಕ್ಕೆ ಹೋಗುವ ಕಡ್ಡಿ) ಕಪ್‌ನಿಂದ ಜಾರಿದೆಯಾ, ಕಪ್ ಹಿಡಿದ ಗ್ರಬ್ ಸ್ಕ್ರೂ (ತಲೆ ಇಲ್ಲದ ಸಣ್ಣ ಸ್ಕ್ರೂ) ಬಿದ್ದಿದೆಯಾ ನೋಡಿ. ಗ್ರಬ್ ಸ್ಕ್ರೂಗೆ ನೀಲಿ ಥ್ರೆಡ್ ಲಾಕ್ (ಸ್ಕ್ರೂ ಸಡಿಲ ಆಗದ ಹಾಗೆ ಹಿಡಿಯುವ ಅಂಟು) ಹಾಕಿ, ಅದೂ ಲೋಹಕ್ಕೆ ಲೋಹ ಇದ್ದಲ್ಲಿ ಮಾತ್ರ. ಪ್ಲಾಸ್ಟಿಕ್‌ಗೆ ತಾಗಿದರೆ ಕೆಲವು ಪ್ಲಾಸ್ಟಿಕ್ ಸೀಳುತ್ತದೆ. ಇಷ್ಟೆಲ್ಲ ಸರಿ ಇದ್ದರೆ ಡಿಫ್‌ಗೆ ಹೋಗುವ ಶಾಫ್ಟ್ ಅಥವಾ ಗೇರ್ ಹಿಡಿದು ಒಂದು ಚಕ್ರ ತಿರುಗಿಸಿ. ಇನ್ನೊಂದು ಚಕ್ರ ಉಲ್ಟಾ ತಿರುಗಬೇಕು. ತಿರುಗದಿದ್ದರೆ ಆಗ ಡಿಫ್ ಬಿಚ್ಚಿ, ಒಳಗೆ ಪಿನ್ ಮುರಿದಿರುತ್ತದೆ. ಉಲ್ಟಾ ತಿರುಗಿದರೂ ಒಂದಿಷ್ಟೂ ಬಿಗಿ ಇಲ್ಲದೆ ಸಲೀಸಾಗಿ ಸುತ್ತಿದರೆ ಎಣ್ಣೆ ಖಾಲಿಯಾಗಿದೆ ಅಂತ.

ಪ್ರಶ್ನೆ (ಮಿಚಿಗನ್): ಮೂಲ ಶಿವಮೊಗ್ಗ, ಈಗ ಇಲ್ಲಿದ್ದೇನೆ. ಬೇಸಿಗೆಯಲ್ಲಿ ಹೊರಗೆ 7-7-3 ಚೆನ್ನಾಗಿತ್ತು. ಚಳಿಗಾಲದಲ್ಲಿ ಒಳಾಂಗಣ ಕಾರ್ಪೆಟ್ ಟ್ರ್ಯಾಕ್. ಅಲ್ಲಿ ಅದೇ ಗಾಡಿ ಥ್ರಾಟಲ್ ಕೊಟ್ಟಾಗ ತಿರುವಿನ ಹೊರಕ್ಕೆ ಹೋಗುತ್ತೆ, ಮುಂದಿನ ಚಕ್ರ ಎಳೆಯಲ್ಲ. ಇನ್ನೂ ತೆಳು ಮಾಡಬೇಕಾ?

ಉತ್ತರ: ಬೇಡ, ಗಟ್ಟಿ ಮಾಡಿ. ಕಾರ್ಪೆಟ್ ಮೇಲೆ ಹಿಡಿತ ಜಾಸ್ತಿ, ಟೈರು ಜಾರಲ್ಲ. ನೆಲ ಅಷ್ಟು ಹಿಡಿದಾಗ ತೆಳು ಎಣ್ಣೆಯ ಡಿಫ್ ಹಗುರಾದ ಚಕ್ರಕ್ಕೆ ಶಕ್ತಿ ಬಿಟ್ಟುಕೊಡುತ್ತದೆ. ಮೊದಲು ಮುಂದಿನದನ್ನು 10,000 ಮಾಡಿ ಓಡಿಸಿ. ಸಾಲದಿದ್ದರೆ ನಡುವಿನದನ್ನು 10,000ಕ್ಕೆ ತನ್ನಿ. ಹಿಂದಿನದನ್ನು ಸದ್ಯಕ್ಕೆ ಮುಟ್ಟಬೇಡಿ. ಚಳಿ ಲೆಕ್ಕಕ್ಕೆ ಬರೋದು ನೀವು ಹೊರಗೆ, ಹಿಮದ ಹೊತ್ತಲ್ಲಿ ಓಡಿಸಿದರೆ. ಆಗ ಎಣ್ಣೆ ತಾನೇ ಗಟ್ಟಿಯಾಗುತ್ತದೆ, ಒಂದು ಮೆಟ್ಟಿಲು ಇಳಿಸಿ. ಗಾಡಿಯನ್ನು ಕಾರಿನ ಡಿಕ್ಕಿಯಿಂದ ತೆಗೆದ ತಕ್ಷಣ ಟ್ರ್ಯಾಕಿಗೆ ಬಿಟ್ಟು ತೀರ್ಮಾನ ಮಾಡಬೇಡಿ. ಒಳಗೆ ಅರ್ಧ ಗಂಟೆ ಇಟ್ಟು, ಒಂದೆರಡು ಸುತ್ತು ನಿಧಾನ ಓಡಿಸಿ, ಆಮೇಲೆ ನೋಡಿ ಹೇಳಿ.