ಎರಡು ನಕ್ಷೆ ಹೋಲಿಸಿದರೆ ಭೂಬಳಕೆಯ ಪರಿಣಾಮ ಗೊತ್ತಾಗುತ್ತಾ?

ಕಡತಪ್ರೇಮಿ: ಒಂದು ಪರಿಣಾಮ ವರದಿ ಓದ್ತಾ ಇದ್ದೀನಿ. ಇಪ್ಪತ್ತು ವರ್ಷ ಅಂತರದ ಎರಡು ಉಪಗ್ರಹ ನಕ್ಷೆ ಇಟ್ಟು, ಅರಣ್ಯ, ಕೃಷಿ, ಹುಲ್ಲುಗಾವಲು, ಕಟ್ಟಡ ಅಂತ ವಿಂಗಡಿಸಿದ್ದಾರೆ. ಒಂದೊಂದು ವರ್ಗಕ್ಕೂ ಹೆಕ್ಟೇರಿಗೆ ಇಷ್ಟು ಅಂತ ಹಣದ ಮೌಲ್ಯ ಕಟ್ಟಿ ಗುಣಿಸಿದ್ದಾರೆ. ಹುಲ್ಲುಗಾವಲು ಕಡಿಮೆಯಾಗಿ ಅರಣ್ಯ ಹೆಚ್ಚಾಗಿದೆ, ಹಾಗಾಗಿ ಪರಿಸರ ಸೇವೆಗಳ (ನೀರು, ಮಣ್ಣು ಕಾಯುವಂಥ ಪ್ರಕೃತಿಯ ಉಪಕಾರಗಳ) ಮೌಲ್ಯ ಏರಿದೆ ಅನ್ನೋದು ತೀರ್ಮಾನ. ನಂಬಬಹುದಾ?

ಮಣ್ಣುಹುಳ: 'ಅರಣ್ಯ' ಅಂದರೆ ಯಾವುದು ಅಂತ ಮೊದಲು ಕೇಳಿ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ವ್ಯಾಖ್ಯೆಯಲ್ಲಿ ಅರ್ಧ ಹೆಕ್ಟೇರಿಗಿಂತ ದೊಡ್ಡ ಜಾಗ, 5 ಮೀಟರ್ ಮೀರುವ ಮರ, ಮರಗಳ ಕೊಂಬೆ-ಎಲೆ ನೆಲದ 10%ಗಿಂತ ಹೆಚ್ಚು ಮುಚ್ಚಿದ್ದರೆ ಸಾಕು. ರಬ್ಬರ್ ತೋಟವೂ ಅದರಲ್ಲಿ ಅರಣ್ಯವೇ. ಎಣ್ಣೆತಾಳೆ ತೋಟವೊಂದು ಮಾತ್ರ ಅದರಲ್ಲಿ ಸೇರಲ್ಲ! ಹುಲ್ಲುಗಾವಲಿನ ಮೇಲೆ ಸಾಲಾಗಿ ಪೈನ್ ನೆಟ್ಟರೆ ನಕ್ಷೆಗೆ ಅದು ಲಾಭ. ಹುಲ್ಲನ್ನೇ ನಂಬಿದ್ದ ಹಕ್ಕಿ, ಕೀಟಗಳಿಗೆ ಮನೆ ಹೋಯಿತು.

ನಕ್ಷೆಗಾರ: ಉಪಗ್ರಹಕ್ಕೆ ಬೈಯಬೇಡಿ ಸಾರ್. 1972ರಲ್ಲಿ ಮೊದಲ ಲ್ಯಾಂಡ್‌ಸ್ಯಾಟ್ ಹಾರದಿದ್ದರೆ ಎಷ್ಟೋ ಕಡೆ ಆ ನೆಲ ಮೊದಲು ಹೇಗಿತ್ತು ಅನ್ನೋದಕ್ಕೆ ಸಾಕ್ಷಿಯೇ ಇರ್ತಿರಲಿಲ್ಲ. 2008ರಿಂದ ಅದರ ಹಳೇ ಚಿತ್ರಗಳೆಲ್ಲ ಉಚಿತ. ಅಷ್ಟಿದ್ದೂ ಎರಡೇ ವರ್ಷ ಹಿಡಿದು ಕೂತಿದ್ದಾರಲ್ಲ, ಅದು ಸೋಮಾರಿತನ. ನಡುವೆ ಕಡಿದು ಮತ್ತೆ ಬೆಳೆದ ಕಾಡು ಎರಡು ನಕ್ಷೆಯಲ್ಲಿ 'ಬದಲಾವಣೆ ಇಲ್ಲ' ಅಂತ ಬರುತ್ತೆ. 2021ರ ಒಂದು ಜಾಗತಿಕ ಅಧ್ಯಯನ ಇಂಥ ಹೋಗಿಬರುವ ಬದಲಾವಣೆಯನ್ನೂ ಎಣಿಸಿ, 1960–2019ರ ನಡುವೆ ಜಗತ್ತಿನ ನೆಲದ ಸುಮಾರು 32% ಭಾಗದಲ್ಲಿ ಬಳಕೆ ಬದಲಾಗಿದೆ ಅಂದಿತು. ಹಿಂದಿನ ಅಂದಾಜಿನ ಸುಮಾರು ನಾಲ್ಕು ಪಟ್ಟು.

ಇನ್ನೊಂದು. ಎರಡೂ ನಕ್ಷೆಗಳ ನಿಖರತೆ ತಲಾ 85% ಅಂದುಕೊಳ್ಳಿ. ತಪ್ಪುಗಳು ಒಂದಕ್ಕೊಂದು ಸಂಬಂಧವಿಲ್ಲದವಾದರೆ ಎರಡರಲ್ಲೂ ಸರಿಯಿರುವ ಜಾಗ 72% ಅಷ್ಟೇ. ಇಂಥದ್ದರಲ್ಲಿ ಮೂರು-ನಾಲ್ಕು ಶೇಕಡಾ ಏರಿಕೆ ಅಂದರೆ ಏನರ್ಥ?

ಹಳ್ಳದಂಡೆ: ನೀರಿನ ಕಥೆ ಯಾರೂ ಎತ್ತಲಿಲ್ಲ. ಮರ ಹೆಚ್ಚಿದರೆ ಹಳ್ಳದಲ್ಲಿ ನೀರು ಹೆಚ್ಚುತ್ತೆ ಅಂತ ವರದಿ ಬರೆಯೋರೇ ನಂಬಿರ್ತಾರೆ. ಬಾಷ್ ಮತ್ತು ಹ್ಯೂಲೆಟ್ 1982ರಲ್ಲಿ 94 ಜಲಾನಯನ (ಒಂದು ಹಳ್ಳಕ್ಕೆ ನೀರು ಹರಿದುಬರುವ ಇಡೀ ಪ್ರದೇಶ) ಪ್ರಯೋಗಗಳನ್ನು ಒಟ್ಟಿಗೆ ನೋಡಿದರು. ಪೈನ್, ನೀಲಗಿರಿ ಜಾತಿಯ ಮರಗಳ ಹೊದಿಕೆ 10% ಬದಲಾದರೆ ವರ್ಷದ ಹರಿವು (ಮಳೆಯಂತೆ ಇಡೀ ಜಲಾನಯನದ ಮೇಲೆ ಹರಡಿ ಅಳೆದರೆ) ಸುಮಾರು 40 ಮಿ.ಮೀ. ಬದಲಾಗುತ್ತೆ, ಅದೂ ತಿರುಗುಮುರುಗಾಗಿ: ಮರ ಹೆಚ್ಚಿದರೆ ಹರಿವು ಕಡಿಮೆ. ಹುಲ್ಲು, ಪೊದೆ, ಬೆಳೆಭೂಮಿಯಲ್ಲಿ ನೆಟ್ಟ ತೋಪುಗಳ ಬಗ್ಗೆ 2005ರಲ್ಲಿ ಜಾಕ್ಸನ್ ಮತ್ತಿತರರು ಕೊಟ್ಟ ಲೆಕ್ಕದಲ್ಲಿ ತೊರೆಗಳ ಹರಿವು ಸರಾಸರಿ 52% ಇಳಿದಿತ್ತು. 13% ತೊರೆಗಳು ಕನಿಷ್ಠ ಒಂದು ವರ್ಷ ಪೂರ್ತಿ ಒಣಗಿದ್ದವು.

ಲೆಕ್ಕದಮೇಷ್ಟ್ರು: ಹಾಗಂತ ಮರವೇ ಬೇಡ ಅಂತೀರಾ? ಗಟ್ಟಿಯಾಗಿ ಕೊರಕಲು ಬಿದ್ದ ನೆಲದಲ್ಲಿ ಮರ ಬೆಳೆಸಿದರೆ ನೀರು ಇಂಗುತ್ತೆ, ಮಣ್ಣು ನಿಲ್ಲುತ್ತೆ.

ಹಳ್ಳದಂಡೆ: ಬೇಡ ಅಂದಿಲ್ಲ ಮೇಷ್ಟ್ರೇ. ವರ್ಷದ ಒಟ್ಟು ಹರಿವು ಬೇರೆ, ಬೇಸಿಗೆಯ ಹರಿವು ಬೇರೆ. ಎರಡನ್ನೂ ಅಳೆಯಿರಿ ಅಂದೆ. ಬಳಕೆ ಬದಲಾಗದ ಪಕ್ಕದ ಜಲಾನಯನವನ್ನೂ ಅಳೆಯಬೇಕು. ಇಲ್ಲದಿದ್ದರೆ ಮಳೆ ಮಾಡಿದ್ದು ಯಾವುದು, ಮರ ಮಾಡಿದ್ದು ಯಾವುದು ಅಂತ ಹೇಗೆ ಹೇಳ್ತೀರಿ?

ಮಣ್ಣುಹುಳ: ಮಣ್ಣಿನದೂ ಅದೇ ಪಾಡು. ಗುವೊ ಮತ್ತು ಗಿಫರ್ಡ್ 2002ರಲ್ಲಿ ಹಲವು ಅಧ್ಯಯನಗಳನ್ನು ಸೇರಿಸಿ ನೋಡಿದಾಗ, ಸಹಜ ಕಾಡು ಹೊಲವಾದರೆ ಮಣ್ಣಿನ ಇಂಗಾಲ ಸರಾಸರಿ 42% ಕಮ್ಮಿ. ಹುಲ್ಲುಗಾವಲು ಹೊಲವಾದರೆ 59%. ಹುಲ್ಲುಗಾವಲು ತೋಪಾದರೂ 10% ಇಳಿದಿತ್ತು. ಮರದಲ್ಲಿ ಇಂಗಾಲ ಏರುತ್ತೆ, ಸರಿ. ಮಣ್ಣಿನೊಳಗಿನ ಲೆಕ್ಕ ನಿಮ್ಮ ವರದಿಯಲ್ಲಿದೆಯಾ?

ಕಡತಪ್ರೇಮಿ: ಇಲ್ಲ. ಮಣ್ಣಿನ ಒಂದು ಮಾದರಿಯೂ ತೆಗೆದಿಲ್ಲ.

ಲೆಕ್ಕದಮೇಷ್ಟ್ರು: ಆದರೂ ಹಣದ ಲೆಕ್ಕವನ್ನು ಪೂರ್ತಿ ಬಿಸಾಡಬೇಡಿ. ಬೆಲೆ ಬರೆಯದಿದ್ದರೆ ಯೋಜನೆಯ ಪಟ್ಟಿಯಲ್ಲಿ ಜೌಗುಭೂಮಿಯ ಎದುರು ಸೊನ್ನೆ ಇರುತ್ತೆ, ರಸ್ತೆಯ ಎದುರು ಕೋಟಿ ಇರುತ್ತೆ. 1997ರಲ್ಲಿ ಕೋಸ್ಟಾಂಜಾ ತಂಡ ಜಗತ್ತಿನ ಪರಿಸರ ಸೇವೆಗಳಿಗೆ ವರ್ಷಕ್ಕೆ ಸರಾಸರಿ 33 ಲಕ್ಷ ಕೋಟಿ ಡಾಲರ್ ಅಂದಿದ್ದಕ್ಕೇ ಎಷ್ಟೋ ಜನ ಈ ಕಡೆ ತಿರುಗಿ ನೋಡಿದ್ದು.

ನಕ್ಷೆಗಾರ: ಅದೇ ತಂಡ 16ರಿಂದ 54 ಲಕ್ಷ ಕೋಟಿ ಅಂತ ವ್ಯಾಪ್ತಿಯನ್ನೂ ಕೊಟ್ಟಿತ್ತಲ್ಲ. ಈ ವರದಿಯವರು ಎಲ್ಲಿಂದಲೋ ತಂದ ಒಂದೇ ಅಂಕಿ ಹಾಕಿ, ದಶಮಾಂಶದ ನಂತರ ಎರಡು ಸ್ಥಾನ ಬರೆದಿರ್ತಾರೆ ನೋಡಿ.

ಕಡತಪ್ರೇಮಿ: ಬರೆದಿದ್ದಾರೆ 😀 ಈ ವರದಿಗೆ ಆಕ್ಷೇಪಣೆ ಬರೆದರೆ ಅದರಲ್ಲಿ ಏನು ಕೇಳಲಿ?

ನಕ್ಷೆಗಾರ: ಯಾವ ವರ್ಗ ಯಾವುದಾಗಿ ಬದಲಾಯಿತು ಅನ್ನೋ ಪೂರ್ತಿ ಕೋಷ್ಟಕ, ಮತ್ತು ನೆಲದ ಮೇಲೆ ಹೋಗಿ ತಾಳೆ ನೋಡಿದ ಬಿಂದುಗಳು. ಒಟ್ಟು ನಿಖರತೆ ಸಾಲದು, ಹುಲ್ಲುಗಾವಲಿನದ್ದು ಪ್ರತ್ಯೇಕ ಬೇಕು. ಒಣ ಹುಲ್ಲನ್ನು 'ಪಾಳು' ಅಂತ ಗುರುತಿಸೋದು ಬಹಳ ಸಾಮಾನ್ಯ.

ಹಳ್ಳದಂಡೆ: ನಕ್ಷೆಯ ಎರಡು ವರ್ಷಗಳಲ್ಲಿ ಎಷ್ಟೆಷ್ಟು ಮಳೆಯಾಗಿತ್ತು ಅಂತಲೂ ಕೇಳಿ. ಮೊದಲನೆಯದು ಬರಗಾಲದ್ದಾಗಿದ್ದರೆ ಆಮೇಲೆ ಹೆಚ್ಚಿದಂತೆ ಕಾಣುವ ಹಸಿರಿನಲ್ಲಿ ಅರ್ಧ ಮಳೆಯದೇ ಇರಬಹುದು.

ಲೆಕ್ಕದಮೇಷ್ಟ್ರು: ಹೆಕ್ಟೇರಿನ ಬೆಲೆ ಎಲ್ಲಿಂದ ತಂದರು ಅನ್ನೋದನ್ನ ನನ್ನ ಪರವಾಗಿ ಸೇರಿಸಿ. ಇಷ್ಟರ ಮೇಲೂ ಬೆಲೆ ಕಟ್ಟೋದೇ ತಪ್ಪು ಅನ್ನೋದನ್ನ ನಾನು ಒಪ್ಪಲ್ಲ.